ಬೆಳವಣಿಗೆ ಅಂಶಗಳು: ಪ್ರತಿರಕ್ಷಾ ಕೋಶಗಳಲ್ಲಿ ಉತ್ಪತ್ತಿ ಮತ್ತು ಬಿಡುಗಡೆ

ಗಾಯ ಇಲ್ಲವೆ ಸೋಂಕಿನಿಂದ ಎಚ್ಚೆತ್ತ ಪ್ರತಿರಕ್ಷಾ ಕೋಶಗಳು ಹೊರಬಿಡುವ, ನೆರೆಯ ಕೋಶಗಳಿಗೆ ವಿಭಜನೆ, ಬೆಳವಣಿಗೆ, ಉಳಿವಿನ ಸೂಚನೆ ಕೊಡುವ ಪ್ರೋಟೀನುಗಳು. ಪ್ರತಿರಕ್ಷಾ ಕೋಶಗಳ ಸಂದೇಶವಾಹಕ ಪ್ರೋಟೀನುಗಳಾದ ಸೈಟೊಕೈನ್‌ಗಳಿಗೂ ಇವಕ್ಕೂ ನಡುವಿನ ಗೆರೆ ತೆಳುವಾದದ್ದು. ಬೆಳವಣಿಗೆ ಅಂಶ ಎಂಬ ಹೆಸರನ್ನು ಪೂರ್ತಿ ನಂಬುವಂತೆಯೂ ಇಲ್ಲ: ಟಿಜಿಎಫ್-ಬೀಟಾ ನಾರುಕೋಶಗಳನ್ನು ದುಡಿಸುತ್ತದೆ, ಟಿ ಕೋಶಗಳನ್ನು ತಡೆಯುತ್ತದೆ.

ಮಂಗಳೂರಿನ ಬೋಳಾರ ಹೆಂಚಿನ ಕಾರ್ಖಾನೆಗಳಿಗೆ ಹೆಸರಾಗಿದ್ದ ನದಿದಡ. ಅಲ್ಲಿ ಒಡೆದ ಹೆಂಚೊಂದು ಯಾರದೋ ಬೆರಳು ಕೊಯ್ದಿತೆನ್ನೋಣ. ರಕ್ತ ಹೆಪ್ಪುಗಟ್ಟುವಾಗಲೇ ಪ್ಲೇಟ್‌ಲೆಟ್‌ಗಳು ಮೊದಲೇ ಕೂಡಿಟ್ಟ ಪಿಡಿಜಿಎಫ್ ಎಂಬ ಬೆಳವಣಿಗೆ ಅಂಶವನ್ನು ಸುರಿಯುತ್ತವೆ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೊಫಿಲ್‌ಗಳು ಬರುತ್ತವೆ. ಎರಡು ಮೂರು ದಿನಕ್ಕೆ ಮ್ಯಾಕ್ರೊಫೇಜ್‌ಗಳದ್ದೇ ಕಾರುಬಾರು. ಇವು ಕಸ ತಿನ್ನುವ ಕೋಶಗಳಷ್ಟೇ ಅಲ್ಲ ಎಂಬುದಕ್ಕೆ ಲೀಬೊವಿಚ್ ಮತ್ತು ರಾಸ್ 1975ರಲ್ಲಿ ಗಿನಿಯಿಲಿಗಳ ಮೇಲೆ ಮಾಡಿದ ಪ್ರಯೋಗವೇ ಸಾಕ್ಷಿ. ಮ್ಯಾಕ್ರೊಫೇಜ್‌ಗಳನ್ನು ತೆಗೆದಾಗ ಗಾಯದ ಕೊಳೆ ಹಾಗೇ ಉಳಿಯಿತು, ನಾರುಕೋಶಗಳು ತಡವಾಗಿ ಬಂದವು.

ಬ್ಯಾಕ್ಟೀರಿಯದ ಚೂರು ಮ್ಯಾಕ್ರೊಫೇಜ್‌ನ ಗ್ರಾಹಕಕ್ಕೆ ತಗುಲಿದರೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಕೋಶಕೇಂದ್ರ ಹೊಕ್ಕು ಇಂಥ ಅಂಶಗಳ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಆಮ್ಲಜನಕ ಕಡಿಮೆಯಿದ್ದರೆ ಎಚ್‌ಐಎಫ್ ಎಂಬ ಇನ್ನೊಂದು ಪ್ರೋಟೀನು ಮೇಲೆದ್ದು, ಹೊಸ ರಕ್ತನಾಳ ಮೂಡಿಸುವ ವಿಇಜಿಎಫ್ ತಯಾರಾಗುತ್ತದೆ. ಟಿ ಕೋಶದಲ್ಲಿ ದಾರಿ ಬೇರೆ: ಕ್ಯಾಲ್ಸಿಯಂ ಏರಿ, ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಕೆಲಸಕ್ಕಿಳಿದು, ಇಂಟರ್‌ಲ್ಯೂಕಿನ್-2 ಹುಟ್ಟುತ್ತದೆ. ಮಾರ್ಗನ್, ರಸ್ಸೆಟಿ, ಗ್ಯಾಲೊ 1976ರಲ್ಲಿ ವರದಿ ಮಾಡಿದ ಟಿ ಕೋಶದ ಬೆಳವಣಿಗೆ ಅಂಶ ಇದೇ. ಅದನ್ನು ಬಿಟ್ಟ ಕೋಶವೂ ಅದರಿಂದಲೇ ವಿಭಜಿಸಬಲ್ಲದು. ಮೂತ್ರಪಿಂಡ ಕಸಿಯಾದವರು ನುಂಗುವ ಟ್ಯಾಕ್ರೊಲಿಮಸ್ ಕ್ಯಾಲ್ಸಿನ್ಯೂರಿನ್ ಹಂತದಲ್ಲೇ ತಡೆ ಹಾಕುತ್ತದೆ.

ಹೊಸದಾಗಿ ತಯಾರಾದ ಪ್ರೋಟೀನು ಸಾಮಾನ್ಯವಾಗಿ ಎಂಡೊಪ್ಲಾಸ್ಮಿಕ್ ಜಾಲ, ಗಾಲ್ಗಿ ದಾಟಿ, ಪುಟ್ಟ ಚೀಲಗಳಲ್ಲಿ ಕೋಶಪೊರೆಗೆ ಬಂದು ಹೊರಬೀಳುತ್ತದೆ. ಹೊರಬಂದ ಮಾತ್ರಕ್ಕೆ ಕೆಲಸ ಶುರುವಾಗಬೇಕೆಂದಿಲ್ಲ. ಟಿಜಿಎಫ್-ಬೀಟಾ ತನ್ನದೇ ಒಂದು ತುಣುಕಿನ ಹೊದಿಕೆಯಲ್ಲಿ ಬಂಧಿಯಾಗಿರುತ್ತದೆ. ಕೋಶಪೊರೆಯ ಇಂಟೆಗ್ರಿನ್ ಪ್ರೋಟೀನು ಎಳೆದಾಗ ಅಥವಾ ಕಿಣ್ವ ಕತ್ತರಿಸಿದಾಗಷ್ಟೇ ಬಿಡುಗಡೆ. ಎಚ್‌ಬಿ-ಇಜಿಎಫ್ ಎಂಬ ಅಂಶ ಪೊರೆಗೇ ಅಂಟಿಕೊಂಡಿದ್ದು, ಕಿಣ್ವ ಕತ್ತರಿಸಿದರೆ ಕಳಚಿ ದೂರ ಹೋಗುತ್ತದೆ.

ಗಾಯ ಮಾಯುತ್ತಿದ್ದಂತೆ ಈ ಸೂಚನೆಗಳು ತಗ್ಗಬೇಕು. ತಗ್ಗದಿದ್ದರೆ ಏನಾದೀತೆಂಬುದಕ್ಕೆ ಕರಾವಳಿಯವರು ಕಂಡು ಬಲ್ಲ ಉದಾಹರಣೆ ಆನೆಕಾಲು. ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹರಡುವ ವುಚೆರೇರಿಯ ಹುಳು ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಹುಳುವಿಗೂ ಅದರೊಳಗಿನ ವೊಲ್ಬಾಕಿಯ ಬ್ಯಾಕ್ಟೀರಿಯಕ್ಕೂ ದೇಹ ತೋರುವ ಪ್ರತಿಕ್ರಿಯೆಯಲ್ಲಿ ವಿಇಜಿಎಫ್ ಗುಂಪಿನ ಅಂಶಗಳು ಏರುತ್ತವೆ. ನಾಳಗಳು ಹಿಗ್ಗಿ ಸೋರುತ್ತವೆ, ಕಾಲಕ್ರಮೇಣ ಚರ್ಮ ದಪ್ಪಗಟ್ಟುತ್ತದೆ. ಘಾನಾದ ರೋಗಿಗಳಲ್ಲಿ ವೊಲ್ಬಾಕಿಯವನ್ನು ಕೊಲ್ಲುವ ಡಾಕ್ಸಿಸೈಕ್ಲಿನ್ ಆರು ವಾರ ಕೊಟ್ಟ ಮೇಲೆ ರಕ್ತದ ವಿಇಜಿಎಫ್-ಸಿ ಇಳಿದದ್ದು 2006ರಲ್ಲಿ ವರದಿಯಾಯಿತು. ಮಾತ್ರೆಯ ಮಾತು ಏನೇ ಇರಲಿ, ಮನೆಯ ಆರೈಕೆ ಬಿಡುವಂತಿಲ್ಲ: ದಿನವೂ ಸೋಪು ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಬೇಕು. ಸಂದಿಯ ಚರ್ಮದ ಬಿರುಕುಗಳಲ್ಲಿ ನುಗ್ಗುವ ಬ್ಯಾಕ್ಟೀರಿಯವೇ ಜ್ವರ, ಕೆಂಪು, ಊತದೊಂದಿಗೆ ಮ್ಯಾಕ್ರೊಫೇಜ್‌ಗಳನ್ನು ಮತ್ತೆ ಕೆರಳಿಸುವುದು.