ಸ್ಪೈಸ್‌ನ ಮಕ್ಕಳು ಮತ್ತು ‘ಲೆವೆಲ್’ ಗೊಂದಲ

ಒಂದು ಸಿಮ್ಯುಲೇಟರಿನಲ್ಲಿ ಸರಾಗವಾಗಿ ನಡೆದ ವಿದ್ಯುನ್ಮಂಡಲ ಇನ್ನೊಂದರಲ್ಲಿ ಏಕೆ ಮುಗ್ಗರಿಸುತ್ತದೆ? ಬಹುಪಾಲು ತೊಡಕು, ಟ್ರಾನ್ಸಿಸ್ಟರಿನಂಥ ಘಟಕದ ವರ್ತನೆಯನ್ನು ಸಮೀಕರಣಗಳಲ್ಲಿ ಹೇಳುವ ‘ಮಾದರಿ’ಯಲ್ಲಿರುತ್ತದೆ. ಇದರ ಬೇರು ಹಳೆಯದು.

ಅಮೆರಿಕದ ಬರ್ಕ್ಲಿಯಲ್ಲಿ ಲಾರೆನ್ಸ್ ನೇಗಲ್, ಪ್ರಾಧ್ಯಾಪಕ ಡೊನಾಲ್ಡ್ ಪೆಡರ್ಸನ್ ಅವರ ಮಾರ್ಗದರ್ಶನದಲ್ಲಿ ರೂಪಿಸಿದ ‘ಸ್ಪೈಸ್’ 1973ರಲ್ಲಿ ಬೆಳಕಿಗೆ ಬಂತು. ಪೆಡರ್ಸನ್ ಅದನ್ನು ಗುಟ್ಟಾಗಿಡದೆ ಮೂಲ ಪ್ರೋಗ್ರಾಮನ್ನೇ ಕೇಳಿದವರಿಗೆ ಕೊಟ್ಟರು. ಪಡೆದವರು ತಮತಮಗೆ ಬೇಕಾದ್ದನ್ನು ಸೇರಿಸಿಕೊಂಡರು. ಹೀಗೆ ಎಚ್‌ಸ್ಪೈಸ್ ಬಂತು, 1984ರಲ್ಲಿ ಪಿಸ್ಪೈಸ್ ಬಂತು. ಔದಾರ್ಯದಿಂದಲೇ ಸ್ಪೈಸ್ ಹಬ್ಬಿತು, ಅದರಿಂದಲೇ ಕವಲೊಡೆಯಿತು.

ಬರ್ಕ್ಲಿಯದೇ ‘ಬಿಸಿಮ್3’ ಎಂಬ ಮಾಸ್‌ಫೆಟ್ ಮಾದರಿಯನ್ನು ನೋಡಿ. ಯಾವ ಸಮೀಕರಣಗಳನ್ನು ಬಳಸಬೇಕೆಂದು ಸೂಚಿಸುವ ಸಂಖ್ಯೆ ‘ಲೆವೆಲ್’. ಬಿಸಿಮ್3ಕ್ಕೆ ಬರ್ಕ್ಲಿಯ ಸ್ಪೈಸ್3ರಲ್ಲಿ ಅದು 8, ಪಿಸ್ಪೈಸ್‌ನಲ್ಲಿ 7, ಎಚ್‌ಸ್ಪೈಸ್‌ನಲ್ಲಿ 49! ಎಚ್‌ಸ್ಪೈಸ್‌ನಲ್ಲಿ 8 ಎಂದರೆ ಬೇರೆಯೇ ಹಳೆಯ ಮಾದರಿ. ದೋಷಸಂದೇಶ ಬಂದರೆ ಪುಣ್ಯ. ಬಾರದಿದ್ದರೆ ತಪ್ಪು ವಕ್ರರೇಖೆಯನ್ನೇ ನೀವು ರೆಕಾರ್ಡ್ ಪುಸ್ತಕಕ್ಕೆ ಇಳಿಸಿರುತ್ತೀರಿ.

ಚಿಪ್ ತಯಾರಕರ ಒಲವೂ ಇಲ್ಲಿ ಮುಖ್ಯ. 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 2020ರಲ್ಲಿ ತನ್ನ ಚಿಪ್‌ಗಳ ಮಾದರಿಗಳೊಡನೆ ಪಿಸ್ಪೈಸ್‌ನ ಉಚಿತ ಆವೃತ್ತಿಯೊಂದನ್ನು ಹೊರತಂದಿತು. ಆಪ್‌-ಆಂಪ್‌ಗಳ ಕಡತಗಳಲ್ಲಿ ಪಿಸ್ಪೈಸ್‌ನ ಬರವಣಿಗೆ ಕಾಣುವುದು ಹೊಸದೇನಲ್ಲ. ಸೂತ್ರದಿಂದ ವೋಲ್ಟೇಜ್ ಹೇಳಲು ಅದು ‘ಇ’ ಆಕರಕ್ಕೆ ‘ವ್ಯಾಲ್ಯೂ’ ಎಂಬ ಪದ ಜೋಡಿಸುತ್ತದೆ. ಸ್ಪೈಸ್3 ‘ಬಿ’ ಆಕರ ಬಳಸುತ್ತದೆ.

ಮುಕ್ತ ತಂತ್ರಾಂಶವಾದ ಎನ್‌ಜಿಸ್ಪೈಸ್ ಬಿಸಿಮ್3ಕ್ಕೆ 8 ಎಂದರೂ 49 ಎಂದರೂ ಒಪ್ಪುತ್ತದೆ. ಪಿಸ್ಪೈಸ್ ಕಡತ ಓದಲು ಪ್ರತ್ಯೇಕ ಹೊಂದಾಣಿಕೆಯ ವಿಧಾನವೂ ಅದರಲ್ಲಿದೆ. ಬಾಂಬೆ ಐಐಟಿಯ ‘ಇಸಿಮ್’ ನಿಮ್ಮ ಕಾಲೇಜಿನಲ್ಲಿದ್ದರೆ, ಅದರೊಳಗೆ ಲೆಕ್ಕ ಮಾಡುವುದು ಈ ಎನ್‌ಜಿಸ್ಪೈಸೇ.