ಗುಡ್ಡದ ಮೇಲೆ ತಡವಾಗಿ ಮುಳುಗುವ ಸೂರ್ಯ

ಕಳೆದ ರಮಝಾನಿನಲ್ಲಿ ಚಂದ್ರಗುತ್ತಿ ಗುಡ್ಡ ಹತ್ತಿದ್ದ ನಾಲ್ವರು ಹುಡುಗರು ಒಂದು ತಕರಾರು ಹೊತ್ತು ಮಸೀದಿಗೆ ಬಂದರು. ಕೆಳಗೆ ಊರಿನಲ್ಲಿ ಮಗ್ರಿಬ್ ಬಾಂಗ್ ಕೇಳಿಸಿತ್ತು. ಮೇಲೆ ಕೋಟೆಯಲ್ಲಿದ್ದ ಅವರಿಗೆ ಸೂರ್ಯನ ಅಂಚು ಇನ್ನೂ ಕಾಣುತ್ತಿತ್ತು. ಇಬ್ಬರು ಖರ್ಜೂರ ಬಾಯಿಗಿಟ್ಟರು, ಇಬ್ಬರು ಕಾದರು. ಯಾರದು ಸರಿ?

ಕಾದವರದು ಸರಿ ಎಂದೆವು. ತಿಂದವರಿಗೆ ಹೇಳಿದ್ದು ಬೇರೆ ಮಾತು. 2011ರಲ್ಲಿ ದುಬೈಯ ಉಲಮಾಗಳು ಬುರ್ಜ್ ಖಲೀಫಾದ 80ನೆಯ ಮಹಡಿಗಿಂತ ಮೇಲಿರುವವರು 2 ನಿಮಿಷ, 150ನೆಯದಕ್ಕಿಂತ ಮೇಲಿರುವವರು 3 ನಿಮಿಷ ತಡೆದು ಇಫ್ತಾರ್ ಮಾಡಬೇಕೆಂದದ್ದೂ ಇದೇ ಕಾರಣಕ್ಕೆ.

ಆಗ ಒಬ್ಬ ಕೇಳಿದ: ಭೂಮಿ ಗುಂಡಗಿದೆ ಎಂಬುದು ತತ್ತ್ವಜ್ಞಾನಿಗಳ ಮಾತು, ನಿಮಿಷ ಎಂಬುದು ಗಡಿಯಾರದ ಮಾತು. ಇವೆರಡನ್ನು ಜೋಡಿಸಿದವರು ಯಾರು?

ಒಬ್ಬರೇ ಅಲ್ಲ. ಆದರೆ ನಮಗೆ ಮೊದಲು ನೆನಪಾಗುವವರು ಅಬೂ ರೈಹಾನ್ ಅಲ್-ಬೀರೂನಿ (973–1048). ಭೂಮಿ ಗೋಲವೆಂದು ಅರಿಸ್ಟಾಟಲನೇ ವಾದಿಸಿದ್ದ. ಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ದುಂಡು ನೆರಳನ್ನೂ ತೋರಿಸಿದ್ದ. ಗೋಲವೆಂದ ಮಾತ್ರಕ್ಕೆ ಅದು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. 9ನೆಯ ಶತಮಾನದಲ್ಲಿ ಖಲೀಫಾ ಮಾಮೂನರ ವಿದ್ವಾಂಸರು ಸಿಂಜಾರ್ ಬಯಲಿನಲ್ಲಿ ಹಗ್ಗ ಹಿಡಿದು ನಡೆದು ಒಂದು ಡಿಗ್ರಿಯ ದೂರ ಅಳೆದರು. ಬೀರೂನಿಯವರು ಈಗ ಪಾಕಿಸ್ತಾನದಲ್ಲಿರುವ ನಂದನಾ ಕೋಟೆಯ ಬಳಿಯ ಬೆಟ್ಟವೇರಿ, ನಿಂತಲ್ಲೇ ಅಳೆದರು. ಬೆಟ್ಟದ ಎತ್ತರ ಸುಮಾರು 652 ಮೊಳ. ಶಿಖರದಿಂದ ದಿಗಂತ ನೋಡುವಾಗ ದೃಷ್ಟಿ ಸಮಮಟ್ಟಕ್ಕಿಂತ 34 ಕಲೆ, ಅಂದರೆ ಒಂದು ಡಿಗ್ರಿಯ 60ರಲ್ಲಿ 34 ಭಾಗ, ಕೆಳಗೆ ಬಾಗುತ್ತಿತ್ತು. ಭೂಮಿ ಚಿಕ್ಕದಾಗಿದ್ದರೆ ಈ ಬಾಗು ಹೆಚ್ಚುತ್ತಿತ್ತು, ದೊಡ್ಡದಾಗಿದ್ದರೆ ಕುಗ್ಗುತ್ತಿತ್ತು. ಎತ್ತರ, ಕೋನ ಇವೆರಡರಿಂದಲೇ ಭೂಮಿಯ ತ್ರಿಜ್ಯ ಸಿಕ್ಕಿತು. ಏನನ್ನು ಅಳೆಯಬೇಕೆಂದು ತತ್ತ್ವ ಹೇಳಿತು, ಎಷ್ಟೆಂದು ಬೆಟ್ಟ ಹೇಳಿತು. ನಮ್ಮ ಹುಡುಗರ ಸೂರ್ಯ ತಡವಾಗಿ ಮುಳುಗಿದ್ದೂ ಈ ಬಾಗಿನಿಂದಲೇ.

ಇದಕ್ಕಿಂತ ನಮಗೆ ಹಿಡಿಸುವುದು ಅವರು ಯೌವನದಲ್ಲಿ ಇಬ್ನ್ ಸೀನಾರಿಗೆ ಕಳಿಸಿದ 18 ಪ್ರಶ್ನೆಗಳು. ನಿರ್ವಾತ ಅಸಾಧ್ಯ ಎಂಬುದು ಅರಿಸ್ಟಾಟಲನ ಸಿದ್ಧಾಂತ. ಹಾಗಾದರೆ ಬಾಯಿಂದ ಗಾಳಿ ಹೀರಿದ ಸೀಸೆಯನ್ನು ನೀರಿನ ಮೇಲೆ ಬೋರಲು ಹಾಕಿದರೆ ನೀರು ಮೇಲೇರುವುದೇಕೆ? ಮಂಜುಗಡ್ಡೆ ತೇಲುವುದೇಕೆ? ಸೀಸೆಯಲ್ಲಿ ಉಳಿದ ಗಾಳಿ ಹಿಗ್ಗಿ, ಆಮೇಲೆ ತಂಪಿಗೆ ಕುಗ್ಗುತ್ತದೆ ಎಂದು ಇಬ್ನ್ ಸೀನಾ ಉತ್ತರಿಸಿದರು. ಬೀರೂನಿ ಒಪ್ಪದೆ ಮತ್ತೆ ಆಕ್ಷೇಪ ಬರೆದರು. ಸಿದ್ಧಾಂತವನ್ನು ಸೀಸೆಯ ಮುಂದೆ ನಿಲ್ಲಿಸಿ ವಿಚಾರಿಸುವ ಈ ಜಗಳವಿಲ್ಲದೆ ಭೌತಶಾಸ್ತ್ರ ಹುಟ್ಟುತ್ತಿರಲಿಲ್ಲವೆಂದೇ ನಮಗನಿಸುತ್ತದೆ. ಫಲ್ಸಫಾ ಎಂದೊಡನೆ ಮುಖ ತಿರುಗಿಸುವ ನಮ್ಮ ಕೆಲವು ಹಿರಿಯರು ಈ ಪತ್ರಗಳನ್ನು ಒಮ್ಮೆ ಓದಿದ್ದರೆ ಚೆನ್ನಿತ್ತು.

ನಂದನಾದ ಫಲಿತಾಂಶ ಮಾಮೂನರ ಕಾಲದ ಅಳತೆಗೆ ಹತ್ತಿರ ಬಂದಾಗ ಬೀರೂನಿ ತಮ್ಮದನ್ನು ಮೇಲೆ ಇಡಲಿಲ್ಲ. ಅವರ ಉಪಕರಣಗಳು ಹೆಚ್ಚು ಸೂಕ್ಷ್ಮ, ಅವರ ಶ್ರಮ ದೊಡ್ಡದು ಎಂದು ಹಳೆಯ ಅಳತೆಯನ್ನೇ ನೆಚ್ಚಿದರು.

ಹುಡುಗರು ಈಗ ಚಂದ್ರಗುತ್ತಿಯಿಂದಲೇ ಭೂಮಿ ಅಳೆಯುತ್ತೇವೆ ಎನ್ನುತ್ತಿದ್ದಾರೆ. ನಂದನಾದ ಮುಂದೆ ಸಪಾಟು ಬಯಲಿತ್ತು, ನಮ್ಮ ಸುತ್ತ ಮಲೆನಾಡಿನ ಗುಡ್ಡಗಳು. ಹೊನ್ನಾವರದ ಕಡೆ ಕಡಲು ಕಾಣುವ ಗುಡ್ಡವೊಂದನ್ನು ಹುಡುಕಿಕೊಳ್ಳಿ ಎಂದಿದ್ದೇವೆ.