ಒಡೆಯದ ತಟ್ಟೆಗೆ ಶತ್ರು ಯಾರು?

ಪಾತ್ರೆ ಅಂಗಡಿಗೆ ಹೋಗಿ ‘ದಿನಬಳಕೆಗೆ ಒಡೆಯದ ತಟ್ಟೆ ಕೊಡಿ’ ಅಂದರೆ ಇವತ್ತು ನಾಲ್ಕು ತರಹದ್ದು ಎದುರಿಗೆ ಬರುತ್ತೆ. ಸ್ಟೀಲು, ಮೆಲಮೈನು, ಗಟ್ಟಿಗೊಳಿಸಿದ ಬಿಳಿ ಓಪಲ್ ಗಾಜು, ಮತ್ತೆ ಕೊರೆಲ್ ಅನ್ನೋ ತೆಳ್ಳನೆಯ ತಟ್ಟೆ. ನಾಲ್ಕಕ್ಕೂ ಅಂಗಡಿಯವರ ಮಾತು ಒಂದೇ: ‘ಬೀಳಿಸಿದ್ರೂ ಏನೂ ಆಗಲ್ಲ ಸಾರ್.’ ಆದರೆ ಇವು ಒಡೆಯದೇ ಇರೋದಕ್ಕೆ ಕಾರಣಗಳು ಬೇರೆ ಬೇರೆ. ಅದು ತಿಳಿಯಬೇಕಾದರೆ ಸ್ವಲ್ಪ ಚರಿತ್ರೆ ನೋಡಬೇಕು.

ಮೊದಲು, ಗಾಜು ಯಾಕೆ ಒಡೆಯುತ್ತೆ? ಬಟ್ಟೆ ಅಂಗಡಿಯವರು ಬಟ್ಟೆ ಹರಿಯೋದನ್ನ ನೋಡಿರ್ತೀರಿ. ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ, ಎರಡೂ ಕಡೆ ಹಿಡಿದು ಎಳೆದರೆ ಪರ್ ಅಂತ ಕೊನೆಯವರೆಗೂ ಹರಿದುಹೋಗುತ್ತೆ. ಗಾಜಿನ ಮೈಮೇಲೂ ಕಣ್ಣಿಗೆ ಕಾಣದ ಕಚ್ಚುಗಳಿರುತ್ತವೆ. ತಟ್ಟೆ ಬಿದ್ದಾಗ ಮೈ ಎಳೆದಂತಾಗಿ ಯಾವುದೋ ಒಂದು ಕಚ್ಚು ಬಾಯಿಬಿಡುತ್ತೆ, ಕಥೆ ಮುಗೀತು. ಅಂದಮೇಲೆ ಗಾಜಿನ ಮೇಲ್ಮೈಯನ್ನ ಸದಾ ಬಿಗಿಯಾಗಿ ಹಿಂಡಿ ಹಿಡಿದಿಟ್ಟರೆ? ಕಚ್ಚು ಬಾಯಿಬಿಡೋಕೆ ಆಗಲ್ಲ. ಗಾಜಿನ ಗಟ್ಟಿತನದ ಗುಟ್ಟು ಇಷ್ಟೇ.

ಈ ಗುಟ್ಟು ಮೊದಲು ಕಂಡಿದ್ದು ಒಂದು ಆಟಿಕೆಯಲ್ಲಿ. 1660ರ ಸುಮಾರಿಗೆ ರೂಪರ್ಟ್ ಎಂಬ ರಾಜಕುಮಾರ ಇಂಗ್ಲೆಂಡಿಗೆ ಗಾಜಿನ ಹನಿಗಳನ್ನು ತಂದ. ಕರಗಿದ ಗಾಜನ್ನು ತಣ್ಣೀರಿಗೆ ತೊಟ್ಟಿಕ್ಕಿಸಿ ಮಾಡಿದ, ಉದ್ದ ಬಾಲದ ಹನಿಗಳು. ತಲೆಗೆ ಸುತ್ತಿಗೆಯಲ್ಲಿ ಹೊಡೆದರೂ ಏನೂ ಆಗ್ತಿರಲಿಲ್ಲ. ಬಾಲದ ತುದಿ ಮುರಿದರೆ ಮಾತ್ರ ಇಡೀ ಹನಿ ಢಮ್ ಅಂತ ಪುಡಿಪುಡಿ. ದೊರೆ ಎರಡನೇ ಚಾರ್ಲ್ಸ್ ಇದನ್ನು ರಾಯಲ್ ಸೊಸೈಟಿಗೆ ಕೊಟ್ಟು ಪರೀಕ್ಷೆ ಮಾಡಿಸಿದ.

ನೀರಿಗೆ ಬಿದ್ದ ಹನಿಯ ಹೊರಮೈ ಮೊದಲು ಗಟ್ಟಿಯಾಗುತ್ತೆ. ಒಳಗಿನದು ಆಮೇಲೆ ನಿಧಾನಕ್ಕೆ ಆರಿ ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಎಳೆದು ಹಿಂಡುತ್ತೆ. ನಮ್ಮೂರ ಕುಲುಮೆಯಲ್ಲಿ ಗಾಡಿ ಚಕ್ರಕ್ಕೆ ಪಟ್ಟಿ ಹಾಕೋದೂ ಇದೇ ಲೆಕ್ಕ. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಮರದ ಚಕ್ರಕ್ಕೆ ತೊಡಿಸಿ, ನೀರು ಹುಯ್ಯುತ್ತಾರೆ. ಪಟ್ಟಿ ಕುಗ್ಗಿ ಮರವನ್ನು ಅಲ್ಲಾಡದ ಹಾಗೆ ಬಿಗಿಯುತ್ತೆ. ವ್ಯತ್ಯಾಸ ಅಂದರೆ ಚಕ್ರದಲ್ಲಿ ಬಿಗಿಯೋದು ಹೊರಗಿನದು, ಗಾಜಿನಲ್ಲಿ ಒಳಗಿನದು.

ಆಟಿಕೆ ಅಡುಗೆಮನೆಗೆ ಬರೋಕೆ ಹತ್ತಿರ ಹತ್ತಿರ ಮುನ್ನೂರು ವರ್ಷ ಬೇಕಾಯ್ತು. 1945ರಲ್ಲಿ ಫ್ರಾನ್ಸಿನಲ್ಲಿ ಡ್ಯುರಾಲೆಕ್ಸ್ ಎಂಬ ಹೆಸರಲ್ಲಿ ಗಟ್ಟಿ ಗಾಜಿನ ಪಾತ್ರೆಗಳು ಬಂದವು. ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ತಣ್ಣನೆ ಗಾಳಿ ಊದಿ ತಟ್ಟನೆ ಆರಿಸುವ ವಿಧಾನ. ಅಲ್ಲಿನ ಶಾಲೆಗಳ ಊಟದ ಮನೆಗಳಲ್ಲಿ ಇದೇ ಲೋಟ. ತಳದಲ್ಲಿ ಅಚ್ಚಿನ ನಂಬರ್ ಇರುತ್ತೆ. ನೀರು ಕುಡಿದು ಮುಗಿಸಿ ಆ ನಂಬರ್ ನೋಡಿ ‘ನಿಂಗೆಷ್ಟು ವಯಸ್ಸು?’ ಅಂತ ಆಡದ ಫ್ರೆಂಚ್ ಮಕ್ಕಳು ಕಡಿಮೆ.

1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಕೊರೆಲ್ ತಟ್ಟೆ ತಂದಿತು. ಇದು ಮೂರು ಪದರದ ಗಾಜು, ಮಧ್ಯೆ ಬಿಳಿ, ಮೇಲೆ ಕೆಳಗೆ ಪಾರದರ್ಶಕ. ಆರುವಾಗ ಮಧ್ಯದ ಪದರ ಹೆಚ್ಚು ಕುಗ್ಗುತ್ತೆ, ಎರಡೂ ಹೊರಪದರಗಳನ್ನು ಹಿಂಡಿ ಹಿಡಿಯುತ್ತೆ. ಅದಕ್ಕೇ ಈ ತಟ್ಟೆ ಅಷ್ಟು ತೆಳ್ಳಗಿದ್ದೂ ಗಟ್ಟಿ.

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪೂರ್ವ ಜರ್ಮನಿಯ ಅಧ್ಯಾಯ. ಅಲ್ಲಿ ಕಚ್ಚಾವಸ್ತು, ಇಂಧನ ಎರಡಕ್ಕೂ ಕೊರತೆ. ಹೋಟೆಲುಗಳಲ್ಲಿ ಲೋಟ ಒಡೆದಷ್ಟೂ ಹೊಸದು ಮಾಡೋದು ಕಷ್ಟ. ಹಾಗಾಗಿ 1980ರಿಂದ ಸ್ಯಾಕ್ಸನಿಯ ಶ್ವೆಪ್ನಿಟ್ಸ್ ಎಂಬ ಊರಿನ ಕಾರ್ಖಾನೆಯಲ್ಲಿ ‘ಸೂಪರ್‌ಫೆಸ್ಟ್’ ಲೋಟ ಮಾಡೋಕೆ ಶುರು ಮಾಡಿದರು. ಕಾದು ಕರಗಿದ ಪೊಟ್ಯಾಷಿಯಂ ಲವಣವನ್ನು ಗಾಜಿಗೆ ತಾಗಿಸಿದರೆ, ಮೇಲ್ಮೈಯಲ್ಲಿದ್ದ ಸಣ್ಣ ಸೋಡಿಯಂ ಕಣಗಳು ಹೊರಬಂದು ಅವುಗಳ ಜಾಗದಲ್ಲಿ ದೊಡ್ಡ ಪೊಟ್ಯಾಷಿಯಂ ಕಣಗಳು ಕೂರುತ್ತವೆ. ತುಂಬಿದ ಬಸ್ಸಲ್ಲಿ ಸಣಕಲರು ಇಳಿದು ಅದೇ ಸೀಟುಗಳಿಗೆ ದಪ್ಪನೆಯವರು ಬಂದು ಕೂತ ಹಾಗೆ. ಎಲ್ಲಾ ಒತ್ತಿಕೊಂಡು ಬಿಗಿಯಾಗುತ್ತೆ!

1990ರೊಳಗೆ ಇಂಥ ಲೋಟಗಳು ಹತ್ತು ಕೋಟಿಗೂ ಹೆಚ್ಚು ತಯಾರಾದವು. ಅದೇ ವರ್ಷ ಜರ್ಮನಿ ಒಂದಾಯಿತು. ಮುಕ್ತ ಮಾರುಕಟ್ಟೆಯಲ್ಲಿ ಇಷ್ಟು ಒಳ್ಳೆ ಲೋಟಕ್ಕೆ ಬೇಡಿಕೆ ಬರಬೇಕಿತ್ತಲ್ಲ? ಬರಲಿಲ್ಲ. ‘ಲೋಟ ಒಡೆಯದಿದ್ದರೆ ನಾವು ಮಾರೋದೇನು?’ ಅನ್ನೋದು ಪಶ್ಚಿಮದ ವ್ಯಾಪಾರಿಗಳ ಧೋರಣೆಯಾಗಿತ್ತಂತೆ. ಸೂಪರ್‌ಫೆಸ್ಟ್ ನಿಂತುಹೋಯಿತು. ಇದೇ ಕಣ ಬದಲಾಯಿಸುವ ವಿದ್ಯೆ 2007ರ ನಂತರ ಗೊರಿಲ್ಲಾ ಗ್ಲಾಸ್ ಆಗಿ ನಮ್ಮ ಮೊಬೈಲುಗಳ ಮೇಲೆ ಬಂತು. ಮಾಡಿದ್ದು ಅದೇ ಕಾರ್ನಿಂಗ್. ಎರಡು ಮೂರು ವರ್ಷಕ್ಕೆ ಬದಲಾಯಿಸೋ ಫೋನಿಗೆ ಗಟ್ಟಿ ಗಾಜು ಬಂತು, ಮೂವತ್ತು ವರ್ಷ ಬಳಸಬಹುದಾದ ಲೋಟದ ಕಾರ್ಖಾನೆಗೆ ಗಿರಾಕಿ ಸಿಗಲಿಲ್ಲ. ಗಟ್ಟಿ ವಸ್ತು ಕೊಂಡವರಿಗೆ ಉಳಿತಾಯ, ಮಾರಿದವರಿಗೆ ಚಿಂತೆ.

ಇದರ ಇನ್ನೊಂದು ಮುಖ ನಮ್ಮಲ್ಲೇ ಇದೆ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು. ಅದಕ್ಕೇ ಕಲಾಯಿ ಹಾಕುವವರು ಊರೂರು ತಿರುಗಿ ತಿದಿ ಒತ್ತುತ್ತಾ, ನವಸಾಗರದ ಹೊಗೆಯಲ್ಲಿ ತವರ ಬಳಿಯುತ್ತಿದ್ದರು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬೇಗ ಸವೆಯದಿರಲಿ ಅಂತ ಕ್ರೋಮಿಯಂ ಬೆರೆಸಿದ ಉಕ್ಕು ಮಾಡಿದ. ಅದು ಹುಳಿಗೂ ಜಗ್ಗಲಿಲ್ಲ. ಅದರ ಮೈಮೇಲೆ ತಾನಾಗೇ ಒಂದು ತೆಳು ಪೊರೆ ಬೆಳೆಯುತ್ತೆ, ಗೀರಿದರೆ ಮತ್ತೆ ಬೆಳೆಯುತ್ತೆ. ಅಂದರೆ ಸ್ಟೀಲು ತನ್ನ ಕಲಾಯಿಯನ್ನು ತಾನೇ ಹಾಕಿಕೊಳ್ಳುತ್ತೆ. ಸ್ಟೀಲು ನಮ್ಮ ಹಳ್ಳಿ ಮನೆಗಳನ್ನು ತುಂಬುತ್ತಿದ್ದಂತೆ ಕಲಾಯಿಯವರು ಬರೋದು ನಿಂತುಹೋಯಿತು. ಶ್ವೆಪ್ನಿಟ್ಸಿನಲ್ಲಿ ಗಟ್ಟಿ ಪಾತ್ರೆ ಮಾಡುವವರ ಕೆಲಸ ಹೋಯಿತು, ನಮ್ಮಲ್ಲಿ ಗಟ್ಟಿ ಪಾತ್ರೆಯಿಂದಲೇ ಕೆಲಸ ಹೋಯಿತು. ತಟ್ಟೆ ಎಷ್ಟು ದಿನ ಬಾಳಬೇಕು ಅನ್ನೋ ಪ್ರಶ್ನೆಗೆ ಯಾರದ್ದಾದರೂ ಅನ್ನ ಅಂಟಿಕೊಂಡೇ ಇರುತ್ತೆ.

ಹಾಗಾದರೆ ಯಾವುದು ತಗೋಬೇಕು? ಗಟ್ಟಿಗೊಳಿಸಿದ ಗಾಜು ಎಲ್ಲವೂ ರೂಪರ್ಟನ ಹನಿಯ ಮೊಮ್ಮಕ್ಕಳು ಅನ್ನೋದು ನೆನಪಿರಲಿ. ಒಳಗೆ ಬಿಗಿತ ತುಂಬಿಕೊಂಡೇ ಇರುತ್ತವೆ. ನೂರು ಸಲ ತಡೆದುಕೊಂಡು, ನೂರಾ ಒಂದನೇ ಸಲ ಒಮ್ಮೆಗೇ ಸಿಡಿಯಬಹುದು. ತಟ್ಟೆಗೆ ಅಂಚೇ ಮರ್ಮಸ್ಥಾನ. ಅಂಚು ಚಕ್ಕೆ ಎದ್ದಿದ್ದರೆ ಬಳಕೆಯಿಂದ ತೆಗೆದುಬಿಡಿ, ಕಬ್ಬಿಣದ ನಾರಿನಲ್ಲಿ ಉಜ್ಜಬೇಡಿ. ವಿದೇಶದಿಂದ ನೆಂಟರು ತಂದ ಹಳೇ ಕೊರೆಲ್ ಇದ್ದರೆ ಇನ್ನೊಂದು ಮಾತು: 2005ಕ್ಕಿಂತ ಹಿಂದಿನ ಚಿತ್ತಾರದ ತಟ್ಟೆಗಳು ಅಲಂಕಾರಕ್ಕಿರಲಿ ಎಂದು ಕಂಪನಿಯವರೇ ಹೇಳಿದ್ದಾರೆ. ಆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮೆಲಮೈನು ಗಾಜೇ ಅಲ್ಲ, ಪ್ಲಾಸ್ಟಿಕ್. ಬೀಳಿಸಿದರೆ ಪರವಾಗಿಲ್ಲ, ಆದರೆ ಮೈಕ್ರೋವೇವ್‌ಗೆ ಇಡಬಾರದು. ಬಿಸಿ ಮತ್ತು ಹುಳಿ ಎರಡೂ ಸೇರಿದರೆ ಅದರ ಅಂಶ ಊಟಕ್ಕೆ ಇಳಿಯುತ್ತೆ. ಕುದಿಯೋ ಸಾರು ಬಡಿಸಿಕೊಳ್ಳೋ ನಮ್ಮಂಥವರಿಗೆ ಅದು ದಿನಕ್ಕಲ್ಲ, ಚುರುಮುರಿಗೆ ಸಾಕು.

ಮಕ್ಕಳಿರೋ ಮನೆಗೆ ನನ್ನ ವೋಟು ಸ್ಟೀಲಿಗೆ. ಅದು ಸಿಡಿಯಲ್ಲ, ನೆಗ್ಗುತ್ತೆ ಅಷ್ಟೇ. ನೆಗ್ಗಿದ ತಟ್ಟೆಯಲ್ಲೂ ಊಟ ನಡೆಯುತ್ತೆ. ಮೈಕ್ರೋವೇವ್‌ಗೆ ಮಾತ್ರ ನಾಲ್ಕು ಗಾಜಿನ ತಟ್ಟೆ ಇಟ್ಟುಕೊಳ್ಳಿ. ನಮ್ಮ ಕಡೆ ಮದುವೆಗೆ ಕೊಡೋ ಸ್ಟೀಲ್ ತಟ್ಟೆ ಮೇಲೆ ಕೊಟ್ಟವರ ಹೆಸರು, ತಾರೀಖು ಕೊರೆಸೋ ರೂಢಿ ಇದೆ. ಮೂವತ್ತು ನಲವತ್ತು ವರ್ಷದ ಹಿಂದಿನ ತಾರೀಖಿನ ತಟ್ಟೆಗಳು ಎಷ್ಟೋ ಮನೆಗಳಲ್ಲಿ ಇವತ್ತಿಗೂ ಊಟಕ್ಕೆ ಬರುತ್ತಿವೆ. ಯಾವ ವಾರಂಟಿ ಕಾರ್ಡಿಗಿಂತಲೂ ನಾನು ಆ ತಾರೀಖನ್ನು ನಂಬುತ್ತೇನೆ.